ಎಷ್ಟು ನಿಖರ? ಹಡಗಲಿಯಲ್ಲಿ ಹುಟ್ಟಿದ ಪ್ರಾಧ್ಯಾಪಕರ ಲೆಕ್ಕ

1944ರ ಸುಮಾರು. ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಬಂಗಾಳದ ಭೀಕರ ಬರಗಾಲ ಕಲ್ಕತ್ತದ ಬೀದಿಗಳಲ್ಲಿ ಹೆಣಗಳನ್ನು ಉರುಳಿಸಿ ಹೆಚ್ಚು ದಿನಗಳಾಗಿರಲಿಲ್ಲ. ಆ ನಗರದ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಎಂ.ಎ. ತರಗತಿ ನಡೆಯುತ್ತಿತ್ತು. ಪಾಠ ಹೇಳುತ್ತಿದ್ದ ಅಧ್ಯಾಪಕರಿಗೆ ಇಪ್ಪತ್ತನಾಲ್ಕರ ಆಸುಪಾಸು. ಇಂಗ್ಲೆಂಡಿನ ರೊನಾಲ್ಡ್ ಫಿಷರ್ ಕಂಡುಹಿಡಿದಿದ್ದ ಒಂದು ಫಲಿತಾಂಶವನ್ನು ಅವರು ಕಪ್ಪು ಹಲಗೆಯ ಮೇಲೆ ಬಿಡಿಸಿಟ್ಟರು. ಒಂದು ದೊಡ್ಡ ಸಮೂಹದಿಂದ ಮಾದರಿಗಳನ್ನು ಆರಿಸಿ, ಅವುಗಳಿಂದ ಇಡೀ ಸಮೂಹದ ಬಗ್ಗೆ ಅಂದಾಜು ಮಾಡುವಾಗ ಆ ಅಂದಾಜು ಎಷ್ಟರಮಟ್ಟಿಗೆ ನಿಖರವಾಗಿರಬಲ್ಲದು ಎಂಬುದು ಅದರ ವಿಷಯ. ಆದರೆ ಫಿಷರ್ ಅವರ ಮಾತು ನಿಲ್ಲುವುದು ಮಾದರಿಗಳ ಸಂಖ್ಯೆ ತುಂಬ ದೊಡ್ಡದಾಗಿದ್ದಾಗ ಮಾತ್ರ.

ಆಗ ಒಬ್ಬ ವಿದ್ಯಾರ್ಥಿ ಎದ್ದು ನಿಂತು ಕೇಳಿದ. ಮಾದರಿಗಳು ಕೆಲವೇ ಇದ್ದರೆ ಏನು ಹೇಳಬಹುದು?

ಅಧ್ಯಾಪಕರ ಬಳಿ ಉತ್ತರವಿರಲಿಲ್ಲ. ಮನೆಗೆ ಹೋಗಿ ರಾತ್ರಿಯಿಡೀ ಕುಳಿತು ಲೆಕ್ಕ ಹಾಕಿದರು. ಮರುದಿನ ಉತ್ತರದೊಂದಿಗೆ ತರಗತಿಗೆ ಬಂದರು. 1945ರಲ್ಲಿ ಅದು ಕಲ್ಕತ್ತದ ಗಣಿತ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ತರಗತಿ ನಡೆದರೂ ಅಲ್ಲಿ ಅದನ್ನು ಹೇಳಿಕೊಡದೆ ಇರಲಾಗದು. ಅದೇ ಕ್ರಮೇರ್–ರಾವ್ ಅಸಮತೆ. ಸ್ವೀಡನ್ನಿನ ಹೆರಾಲ್ಡ್ ಕ್ರಮೇರ್ ಕೂಡ ಸ್ವತಂತ್ರವಾಗಿ ಅದನ್ನು ಕಂಡುಕೊಂಡು 1946ರ ತಮ್ಮ ಗ್ರಂಥದಲ್ಲಿ ಪ್ರಕಟಿಸಿದ್ದರಿಂದ ಎರಡು ಹೆಸರುಗಳು ಒಟ್ಟಿಗೆ ನಿಂತವು.

ಆ ಅಧ್ಯಾಪಕರು ಕಲ್ಯಂಪೂಡಿ ರಾಧಾಕೃಷ್ಣ ರಾವ್, ಲೋಕಕ್ಕೆ ಸಿ. ಆರ್. ರಾವ್. ಅವರು ಹುಟ್ಟಿದ್ದು ಆಗಿನ ಬಳ್ಳಾರಿ ಜಿಲ್ಲೆಯ ಹೂವಿನಹಡಗಲಿಯಲ್ಲಿ, 1920ರ ಸೆಪ್ಟೆಂಬರ್ 10ರಂದು. ಪ್ರಶ್ನೆ ಕೇಳಿದ ವಿದ್ಯಾರ್ಥಿ ವಿ. ಎಂ. ದಾಂಡೇಕರ್, ಮುಂದೆ ದೇಶದ ಹೆಸರಾಂತ ಅರ್ಥಶಾಸ್ತ್ರಜ್ಞರಾದವರು. ಗುರುವಿಗೂ ಶಿಷ್ಯನಿಗೂ ವಯಸ್ಸಿನ ಅಂತರವಿರಲಿಲ್ಲ. ಇಬ್ಬರೂ 1920ರಲ್ಲೇ ಹುಟ್ಟಿದವರು. ಸಿರುಗುಪ್ಪ, ಕುರುಗೋಡು ಸೀಮೆಯ ರೈತರ ಪಾಲಿಗೆ ಆ ದಿನದ ಪ್ರಶ್ನೆ ದೂರದ ಸಂಗತಿಯಲ್ಲ. ಅದು ಹೇಗೆಂಬುದು ಮುಂದೆ ಬರುತ್ತದೆ.

ಮಲ್ಲಿಗೆಯ ಊರಿನಿಂದ

ಹಡಗಲಿ ಎಂದರೆ ಜನರಿಗೆ ನೆನಪಾಗುವುದು ಮಲ್ಲಿಗೆ. ರಾವ್ ಅವರ ಹೆಸರು ಅಲ್ಲಿ ಮನೆಮಾತಾಗದಿರುವುದಕ್ಕೆ ಕಾರಣವೂ ಇದೆ. ಅವರದು ತೆಲುಗು ಮನೆತನ. ತಂದೆ ಸಿ. ದೊರೆಸ್ವಾಮಿ ನಾಯ್ಡು ಪೊಲೀಸ್ ಇನ್ಸ್‌ಪೆಕ್ಟರ್. ಹಡಗಲಿ ಅವರಿಗೆ ಒಂದು ವರ್ಗಾವಣೆಯ ಊರು. ಹತ್ತು ಮಕ್ಕಳಲ್ಲಿ ಎಂಟನೆಯವರಾದ್ದರಿಂದ ದೇವಕಿಯ ಎಂಟನೆಯ ಮಗನ ಹೆಸರನ್ನೇ ಮಗುವಿಗೆ ಇಟ್ಟರು. ಮಗು ಬೆಳೆದದ್ದು ತಂದೆಯ ವರ್ಗಾವಣೆಗಳ ಹಿಂದೆ. ಗೂಡೂರು, ನೂಜಿವೀಡು, ನಂದಿಗಾಮ, ಕೊನೆಗೆ ವಿಶಾಖಪಟ್ಟಣ. ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ, ಎಣ್ಣೆಯ ದೀಪ ಹಚ್ಚಿ ಓದಲು ಕೂರಿಸುತ್ತಿದ್ದ ತಾಯಿ ಲಕ್ಷ್ಮೀಕಾಂತಮ್ಮನವರನ್ನು ರಾವ್ ತಮ್ಮ ಪುಸ್ತಕವೊಂದರ ಅರ್ಪಣೆಯಲ್ಲಿ ನೆನೆದಿದ್ದಾರೆ.

ಹೀಗಿರುವಾಗ ಅವರನ್ನು 'ನಮ್ಮವರು' ಎಂದು ಮೆರವಣಿಗೆ ಮಾಡುವುದು ಅತಿಯಾದೀತು. ಹಾಗೆಂದು ಬಿಟ್ಟುಕೊಡಬೇಕಾಗಿಯೂ ಇಲ್ಲ. ಆಗಿನ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದ್ದು. ಆದೋನಿ, ಆಲೂರು, ರಾಯದುರ್ಗಗಳೂ ಅದರೊಳಗಿದ್ದವು. ಕನ್ನಡ, ತೆಲುಗು ಎರಡೂ ಒಂದೇ ಸಂತೆಯಲ್ಲಿ ಕೇಳಿಬರುತ್ತಿದ್ದ ಸೀಮೆ ಅದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆ ಮೂರು ತಾಲೂಕುಗಳು ಅತ್ತ ಹೋದವು, ಉಳಿದವು ಮೈಸೂರಿಗೆ ಬಂದವು. ಬಳ್ಳಾರಿ ತಾಲೂಕು ಯಾರಿಗೆ ಸೇರಬೇಕೆಂಬ ಜಗಳ ಬಿಗಡಾಯಿಸಿ ನ್ಯಾಯಮೂರ್ತಿ ಎಲ್. ಎಸ್. ಮಿಶ್ರಾ ಅವರ ವಿಚಾರಣೆಯೂ ನಡೆಯಿತು. ಅಲ್ಲಿ ವಾದಕ್ಕೆ ಆಧಾರವಾಗಿದ್ದವುಗಳಲ್ಲಿ ಜನಗಣತಿಯ ಭಾಷಾವಾರು ಅಂಕಿಗಳೂ ಇದ್ದವು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಹಡಗಲಿ ಬಳ್ಳಾರಿ ಜಿಲ್ಲೆಯಲ್ಲೂ ಉಳಿದಿಲ್ಲ. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಈಚೆ ಉಳಿದವು, ಹಡಗಲಿ ಆಚೆ ಹೋಯಿತು.

ತಂದೆಗೆ ವರ್ಗಾವಣೆ ಆಗದೆ ಈ ಸೀಮೆಯಲ್ಲೇ ಉಳಿದಿದ್ದರೆ ಹುಡುಗನ ಗತಿ ಏನಾಗುತ್ತಿತ್ತೋ. ಬಳ್ಳಾರಿಯಲ್ಲಿ ವೀರಶೈವ ಕಾಲೇಜು ಆರಂಭವಾದದ್ದು 1945ರಲ್ಲಿ, ರಾವ್ ಅವರ ಆ ಪ್ರಬಂಧ ಅಚ್ಚಾದ ವರ್ಷವೇ. ಅದಕ್ಕೂ ಮೊದಲು ಈ ಭಾಗದ ಹುಡುಗರು ಕಾಲೇಜು ಕಟ್ಟೆ ಹತ್ತಬೇಕೆಂದರೆ 1916ರಲ್ಲಿ ಶುರುವಾಗಿದ್ದ ಅನಂತಪುರದ ದತ್ತಮಂಡಲ ಕಾಲೇಜಿಗೋ, ಇನ್ನೂ ದೂರದ ಮದ್ರಾಸಿಗೋ ಹೋಗಬೇಕಿತ್ತು.

ಸಿಗದ ನೌಕರಿ, ಸಿಕ್ಕ ಶಾಸ್ತ್ರ

ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತದ ಸ್ನಾತಕೋತ್ತರ ಪದವಿಯನ್ನು ಮೊದಲ ದರ್ಜೆಯಲ್ಲಿ ಪಡೆದ ಯುವಕ ನೌಕರಿಗಾಗಿ ಅಲೆದರು. ಯುದ್ಧಕಾಲ. ಸೈನ್ಯದ ಸರ್ವೆ ವಿಭಾಗಕ್ಕೆ ಗಣಿತ ಬಲ್ಲವರು ಬೇಕಾಗಿದ್ದಾರೆಂದು ತಿಳಿದು ಸಂದರ್ಶನಕ್ಕೆ ಕಲ್ಕತ್ತಕ್ಕೆ ಹೋದರು. ನೌಕರಿ ಸಿಗಲಿಲ್ಲ. ಆದರೆ ಇಳಿದುಕೊಂಡಿದ್ದ ಹೋಟೆಲಿನಲ್ಲಿ ದಕ್ಷಿಣದವನೇ ಆದ ಒಬ್ಬ ತರುಣನ ಪರಿಚಯವಾಯಿತು. ಆತ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯಲ್ಲಿ ತರಬೇತಿ ಪಡೆಯುತ್ತಿದ್ದ. ರಾವ್ ಹೋಗಿ ನೋಡಿದರು. 1941ರ ಜನವರಿ 1ರಂದು ಅಲ್ಲಿಗೆ ವಿದ್ಯಾರ್ಥಿಯಾಗಿ ಸೇರಿದವರು ನಡುವೆ ಕೇಂಬ್ರಿಜ್‌ನ ಎರಡು ವರ್ಷ ಬಿಟ್ಟರೆ ಸುಮಾರು ನಾಲ್ಕು ದಶಕ ಆ ಸಂಸ್ಥೆಯನ್ನು ಬಿಡಲಿಲ್ಲ.

ಸಂಸ್ಥೆಯನ್ನು 1931ರಲ್ಲಿ ಹುಟ್ಟುಹಾಕಿದವರು ಪಿ. ಸಿ. ಮಹಾಲನೋಬಿಸ್. ಮೂಲತಃ ಭೌತಶಾಸ್ತ್ರದ ಪ್ರಾಧ್ಯಾಪಕರು. ಪ್ರೆಸಿಡೆನ್ಸಿ ಕಾಲೇಜಿನ ಕೋಣೆಗಳಲ್ಲಿ ಆರಂಭವಾದ ಅವರ ಪ್ರಯೋಗಾಲಯಕ್ಕೆ ಬರುತ್ತಿದ್ದ ಕೆಲಸಗಳೆಲ್ಲ ನೆಲದ ಮೇಲಿನವು. ಬಂಗಾಳದಲ್ಲಿ ಸೆಣಬು ಎಷ್ಟು ಬೆಳೆದಿದೆ? ನದಿಗೆ ಎಷ್ಟು ನೆರೆ ಬರಬಹುದು? ಯಾವ ಜನಾಂಗದ ಮೈಕಟ್ಟು ಯಾವುದಕ್ಕೆ ಹತ್ತಿರ? ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಗಣಿತವನ್ನು ಕಟ್ಟುವ ಪರಿಪಾಠ ಅಲ್ಲಿಯದು. ಆರ್. ಸಿ. ಬೋಸ್, ಎಸ್. ಎನ್. ರಾಯ್ ಅವರಂಥ ಗಣಿತಜ್ಞರು ಅಲ್ಲಿದ್ದರು. ಕಲ್ಕತ್ತ ವಿಶ್ವವಿದ್ಯಾಲಯ ಸಂಖ್ಯಾಶಾಸ್ತ್ರದಲ್ಲಿ ಹೊಸದಾಗಿ ಎಂ.ಎ. ತೆರೆದಾಗ ಮೊದಲ ತಂಡದಲ್ಲೇ ರಾವ್ ಸೇರಿ 1943ರಲ್ಲಿ ದಾಖಲೆ ಅಂಕಗಳೊಂದಿಗೆ ಚಿನ್ನದ ಪದಕ ಪಡೆದು ಹೊರಬಂದರು. ಕೂಡಲೇ ಅದೇ ತರಗತಿಗೆ ಪಾಠ ಹೇಳುವ ಕೆಲಸ. ದಾಂಡೇಕರ್ ಪ್ರಶ್ನೆ ಕೇಳಿದ್ದು ಆಗಲೇ.

ಆ ಉತ್ತರದಲ್ಲಿ ಅಂಥದೇನಿದೆ? ಸೂತ್ರ ಬರೆಯದೆ, ಸಿರುಗುಪ್ಪದ ಭತ್ತದ ಗದ್ದೆಯಲ್ಲಿ ನಿಂತು ನೋಡಬಹುದು.

ತುಂಗಭದ್ರಾ ಕಾಲುವೆಯ ನೀರು ಹರಿಯುವ ಒಂದು ಪಂಚಾಯ್ತಿಯಲ್ಲಿ ಸಾವಿರಾರು ಎಕರೆ ಭತ್ತವಿದೆ. ಸರಾಸರಿ ಇಳುವರಿ ಎಷ್ಟು ಎಂದು ತಿಳಿಯಬೇಕು. ಎಲ್ಲ ಗದ್ದೆಗಳನ್ನೂ ಕೊಯ್ದು ತೂಗುವುದು ಆಗದ ಮಾತು. ಆದ್ದರಿಂದ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ನಾಲ್ಕು ತುಂಡುಗಳನ್ನು ಚೀಟಿ ಎತ್ತಿದಂತೆ ಆರಿಸಿ, ಕೊಯ್ದು, ಬಡಿದು, ತೂಗುತ್ತಾರೆ. ಒಂದರಲ್ಲಿ 12 ಕಿಲೋ, ಇನ್ನೊಂದರಲ್ಲಿ 18, ಹೀಗೆ. ಸರಾಸರಿ 15 ಬಂತೆನ್ನೋಣ, ಎಕರೆಗೆ ಸುಮಾರು 24 ಕ್ವಿಂಟಲ್. ಆದರೆ ಬೇರೆ ನಾಲ್ಕು ತುಂಡುಗಳು ಬಂದಿದ್ದರೆ ಲೆಕ್ಕ 13 ಆಗಬಹುದಿತ್ತು, 17 ಆಗಬಹುದಿತ್ತು. ಜಾಣ ಗಣಿತಜ್ಞನೊಬ್ಬ ಇವೇ ನಾಲ್ಕು ತೂಕಗಳನ್ನು ಬೇರೆ ರೀತಿ ಕೂಡಿಸಿ ಕಳೆದು ಈ ಏರಿಳಿತವನ್ನು ಇನ್ನೂ ಕಡಿಮೆ ಮಾಡಬಲ್ಲನೇ?

ಒಂದು ಹಂತದವರೆಗೆ ಮಾತ್ರ, ಎನ್ನುತ್ತದೆ ರಾವ್ ಅವರ ಉತ್ತರ. ಪ್ರತಿಯೊಂದು ಮಾದರಿಯೂ ಇಷ್ಟೇ ಮಾಹಿತಿಯನ್ನು ಹೊತ್ತು ತರುತ್ತದೆ. ಆ ಮಾಹಿತಿಯನ್ನು ಫಿಷರ್ ಆಗಲೇ ಅಳತೆಗೆ ತಂದಿದ್ದರು. ಪಕ್ಷಪಾತವಿಲ್ಲದ ಯಾವ ಅಂದಾಜಿನ ಏರಿಳಿತವೂ ಆ ಮಾಹಿತಿ ಹಾಕಿದ ಗೆರೆಗಿಂತ ಕೆಳಗೆ ಇಳಿಯಲಾರದು. ಮಾದರಿ ನಾಲ್ಕಿರಲಿ, ನಾಲ್ಕು ಸಾವಿರವಿರಲಿ, ಗೆರೆ ಇದ್ದೇ ಇದೆ. ಎಂಥ ಬುದ್ಧಿವಂತಿಕೆ ಮಾಡಿದರೂ ಅದನ್ನು ದಾಟಲು ಬಾರದು. ದಾಟಬೇಕೆಂದರೆ ಇನ್ನಷ್ಟು ಮಾಹಿತಿ ತರಬೇಕು, ಅಂದರೆ ಇನ್ನಷ್ಟು ತುಂಡುಗಳನ್ನು ಕೊಯ್ಯಬೇಕು. ಅದೂ ಅಗ್ಗವಲ್ಲ. ತಪ್ಪು ಅರ್ಧಕ್ಕೆ ಇಳಿಯಬೇಕಾದರೆ ಮಾದರಿ ಎರಡು ಪಟ್ಟಾದರೆ ಸಾಲದು, ನಾಲ್ಕು ಪಟ್ಟಾಗಬೇಕು.

ಅದೇ ಪ್ರಬಂಧದಲ್ಲಿ ಇನ್ನೊಂದು ಫಲಿತಾಂಶವೂ ಇತ್ತು. ಒರಟಾದ ಒಂದು ಅಂದಾಜನ್ನು ತೆಗೆದುಕೊಂಡು, ಅದು ಬಳಸದೆ ಬಿಟ್ಟ ಮಾಹಿತಿಯನ್ನೆಲ್ಲ ಸೇರಿಸಿ ನಯಗೊಳಿಸುವ ಕ್ರಮ. ನಾಲ್ಕು ತುಂಡುಗಳಲ್ಲಿ ಮೊದಲನೆಯದರ ತೂಕವನ್ನಷ್ಟೇ ಹಿಡಿದು ಪಂಚಾಯ್ತಿಯ ಇಳುವರಿ ಇಷ್ಟು ಎನ್ನುವವನಿಗೆ, ಉಳಿದ ಮೂರೂ ಮೊದಲು ಬರಬಹುದಿತ್ತಲ್ಲ, ಅವನ್ನೂ ಗಣಿಸು ಎಂದು ಹೇಳಿದ ಹಾಗೆ. 1947ರಲ್ಲಿ ಅಮೆರಿಕದ ಡೇವಿಡ್ ಬ್ಲಾಕ್‌ವೆಲ್ ಅದನ್ನೇ ಬೇರೆ ದಾರಿಯಿಂದ ತಲುಪಿದ್ದರಿಂದ ಅದಕ್ಕೆ ರಾವ್–ಬ್ಲಾಕ್‌ವೆಲ್ ಪ್ರಮೇಯ ಎಂದು ಹೆಸರಾಯಿತು. ಮೂರನೆಯ ವಿಚಾರವೊಂದಿತ್ತು. ಅಂದಾಜುಗಳ ಲೋಕಕ್ಕೆ ರೇಖಾಗಣಿತವನ್ನು ತರುವುದು. ಅದಕ್ಕೆ ತಕ್ಕ ಬೆಲೆ ಬಂದದ್ದು ದಶಕಗಳ ಅನಂತರ. ಹತ್ತು ಹನ್ನೊಂದು ಪುಟಗಳ ಒಂದು ಪ್ರಬಂಧಕ್ಕೆ ಇದು ಕಡಿಮೆ ಫಸಲೇನಲ್ಲ!

ಎಲುಬು, ಇಲಿ ಮತ್ತು ಉಪ್ಪು

ಇಷ್ಟು ಓದಿದವರಿಗೆ ರಾವ್ ಕಾಗದ ಪೆನ್ಸಿಲ್ಲಿನ ಮನುಷ್ಯ ಎನಿಸಬಹುದು. ವಾಸ್ತವ ಹಾಗಿರಲಿಲ್ಲ. 1941ರಲ್ಲಿ ಸಂಯುಕ್ತ ಪ್ರಾಂತ್ಯದಲ್ಲಿ, ಅಂದರೆ ಇಂದಿನ ಉತ್ತರ ಪ್ರದೇಶದಲ್ಲಿ, ಮಾನವಶಾಸ್ತ್ರಜ್ಞ ಡಿ. ಎನ್. ಮಜುಂದಾರ್ ಹಲವು ಜಾತಿ, ಬುಡಕಟ್ಟುಗಳ ಜನರ ತಲೆ, ಮೂಗು, ಎತ್ತರಗಳನ್ನು ಅಳೆದಿದ್ದರು. ಅಳತೆಗಳ ರಾಶಿಯನ್ನು ಗುಂಪುಗಳಾಗಿ ವಿಂಗಡಿಸಿ ಅರ್ಥ ತೆಗೆಯುವ ಲೆಕ್ಕದ ಭಾರ ಬಿದ್ದದ್ದು ರಾವ್ ಅವರ ಮೇಲೆ. ಗಣಕಯಂತ್ರವಿಲ್ಲದ ಕಾಲ. ಮೇಜಿನ ಮೇಲಿನ ಲೆಕ್ಕದ ಯಂತ್ರಗಳಲ್ಲಿ ಒಂದೊಂದು ಅಂಕಿಯನ್ನೂ ಕೂಡಿಸಬೇಕು. ಮಹಾಲನೋಬಿಸ್, ಮಜುಂದಾರ್, ರಾವ್ ಮೂವರ ಹೆಸರಿನಲ್ಲಿ ಆ ವರದಿ 1949ರಲ್ಲಿ ಸಂಸ್ಥೆಯ 'ಸಂಖ್ಯಾ' ಪತ್ರಿಕೆಯಲ್ಲಿ ಬಂತು. ಒಂದೇ ವಸ್ತುವಿನ ಹಲವು ಅಳತೆಗಳನ್ನು ಒಟ್ಟಿಗೆ ಪರಿಶೀಲಿಸುವ ರಾವ್ ಅವರ ವಿಧಾನಗಳಲ್ಲಿ ಎಷ್ಟೋ ಈ ಕೆಲಸದ ಒತ್ತಡದಿಂದಲೇ ಹುಟ್ಟಿದವು.

ಈ ಪರಿಣತಿಯೇ ಅವರನ್ನು ಕೇಂಬ್ರಿಜ್‌ಗೆ ಕರೆದೊಯ್ದಿತು. ಔಷಧ ಕಂಪೆನಿಯ ಒಡೆಯ ಹೆನ್ರಿ ವೆಲ್‌ಕಮ್ ಎಂಬವರು ಮೊದಲ ಮಹಾಯುದ್ಧಕ್ಕೆ ಮುನ್ನ ಸುಡಾನಿನ ಜೆಬೆಲ್ ಮೋಯಾ ಎಂಬಲ್ಲಿ ಅಗೆಸಿ ತೆಗೆಸಿದ್ದ ಪ್ರಾಚೀನ ಅಸ್ಥಿಪಂಜರಗಳು ಕೇಂಬ್ರಿಜ್‌ನ ವಸ್ತುಸಂಗ್ರಹಾಲಯದಲ್ಲಿದ್ದವು. ಆ ಜನ ಯಾರು, ಆಫ್ರಿಕದ ಯಾವ ಜನರಿಗೆ ಹತ್ತಿರ ಎಂದು ತಿಳಿಯಲು ಮಹಾಲನೋಬಿಸರ 'ಡಿ-ಸ್ಕ್ವೇರ್' ಎಂಬ ಅಳತೆಗೋಲು ಬಲ್ಲವರು ಬೇಕಾಗಿದ್ದರು. 1946ರಲ್ಲಿ ರಾವ್ ಮತ್ತು ಸಮಾಜವಿಜ್ಞಾನಿ ರಾಮಕೃಷ್ಣ ಮುಖರ್ಜಿ ಹೋದರು. ಹಗಲು ಎಲುಬುಗಳ ನಡುವೆ ಕೆಲಸ. ಜೊತೆಗೆ ಫಿಷರ್ ಅವರಲ್ಲಿ ಪಿಎಚ್.ಡಿ. ವಿದ್ಯಾರ್ಥಿ. ಫಿಷರ್ ಆಗ ಕೇಂಬ್ರಿಜ್‌ನಲ್ಲಿ ತಳಿಶಾಸ್ತ್ರದ ಪ್ರಾಧ್ಯಾಪಕರು, ಇಲಿಗಳ ಸಾಕಣೆ ಅವರ ಪ್ರಯೋಗಾಲಯದ ಕಸುಬು. ಹೀಗಾಗಿ ಶಿಷ್ಯ ಇಲಿಗಳ ತಳಿಯ ಕೆಲಸವನ್ನೂ ಮಾಡಬೇಕಾಯಿತು. ಜೀವಿಗಳ ವರ್ಗೀಕರಣದಲ್ಲಿ ಬರುವ ಸಂಖ್ಯಾಶಾಸ್ತ್ರದ ಸಮಸ್ಯೆಗಳ ಮೇಲೆ ಪ್ರಬಂಧ ಬರೆದು 1948ರಲ್ಲಿ ಪದವಿ ಪಡೆದರು. ಜೆಬೆಲ್ ಮೋಯಾದ ಅಧ್ಯಯನ 1955ರಲ್ಲಿ ಪುಸ್ತಕವಾಯಿತು.

ಇದೇ ಅವಧಿಯಲ್ಲಿ ಅವರು ಮಾಡಿದ ಇನ್ನೊಂದು ಕೆಲಸ ಕಾರ್ಖಾನೆಗಳ ಒಳಹೊಕ್ಕಿತು. ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರದಂಥ ಕಡೆ ಒಂದು ಬೆಳೆಯ ಮೇಲೆ ಗೊಬ್ಬರ, ನೀರು, ಬಿತ್ತನೆಯ ಅಂತರ, ತಳಿ ಎಲ್ಲದರ ಪರಿಣಾಮವನ್ನೂ ನೋಡಬೇಕೆಂದಿಟ್ಟುಕೊಳ್ಳಿ. ಏಳು ಸಂಗತಿಗಳು, ಪ್ರತಿಯೊಂದರಲ್ಲೂ ಎರಡು ಆಯ್ಕೆ. ಎಲ್ಲ ಜೋಡಣೆಗಳನ್ನೂ ಪರೀಕ್ಷಿಸಲು 128 ತಾಕುಗಳು ಬೇಕು. ರಾವ್ ರೂಪಿಸಿದ 'ಆರ್ಥಗೋನಲ್ ಅರೇ' ಎಂಬ ಜೋಡಣೆಯ ಕೋಷ್ಟಕ ಬಳಸಿದರೆ ಎಂಟೇ ತಾಕುಗಳಲ್ಲಿ ಏಳರ ಮುಖ್ಯ ಪರಿಣಾಮಗಳನ್ನು ಬಿಡಿಸಿ ನೋಡಬಹುದು. ಒಂದು ಸಂಗತಿ ಇನ್ನೊಂದರ ಮೇಲೆ ಮಾಡುವ ಪ್ರಭಾವ ಹೆಚ್ಚಿಲ್ಲದಿದ್ದರೆ ಅಷ್ಟು ಸಾಕು. 1954–55ರಲ್ಲಿ ಜಪಾನಿನ ಗೆನಿಚಿ ತಗುಚಿ ಕಲ್ಕತ್ತದ ಸಂಸ್ಥೆಗೆ ಸಂದರ್ಶಕರಾಗಿ ಬಂದಿದ್ದರು. ಅವರು ಮುಂದೆ ಕಟ್ಟಿದ ಗುಣಮಟ್ಟದ ಶಾಸ್ತ್ರಕ್ಕೆ ಇಂಥ ಕೋಷ್ಟಕಗಳೇ ಬುನಾದಿ. ಜಪಾನಿನ ಮೋಟಾರು, ಎಲೆಕ್ಟ್ರಾನಿಕ್ ಕಾರ್ಖಾನೆಗಳು ಅದನ್ನು ಹಿಡಿದವು. ಅಮೆರಿಕ ಎಂಬತ್ತರ ದಶಕದಲ್ಲಿ ಜಪಾನಿನಿಂದ ಕಲಿಯಿತು. ನಮ್ಮ ಕಾರ್ಖಾನೆಗಳಲ್ಲಿ ಎಷ್ಟೋ ಅದನ್ನು ವಿದೇಶಿ ಸರಕೆಂದೇ ತಿಳಿದು ಬರಮಾಡಿಕೊಂಡವು!

ಉಪ್ಪಿನ ಕಥೆಯೊಂದನ್ನು ರಾವ್ ತಮ್ಮ 'ಸ್ಟ್ಯಾಟಿಸ್ಟಿಕ್ಸ್ ಅಂಡ್ ಟ್ರೂತ್' ಪುಸ್ತಕದಲ್ಲಿ ಹೇಳಿದ್ದಾರೆ. 1947ರ ದಂಗೆಗಳ ವೇಳೆ ದೆಹಲಿಯ ಕೆಂಪುಕೋಟೆಯೊಳಗೆ ಅಪಾರ ಸಂಖ್ಯೆಯ ಜನ ಆಶ್ರಯ ಪಡೆದಿದ್ದರು. ಊಟ ಹಾಕುವ ಹೊಣೆ ಗುತ್ತಿಗೆದಾರರದು. ಬಿಲ್ಲು ಏರುತ್ತಲೇ ಇತ್ತು. ಒಳಗೆ ಎಷ್ಟು ಜನ ಇದ್ದಾರೆಂದು ಸರ್ಕಾರಕ್ಕೆ ಗೊತ್ತಿಲ್ಲ, ಒಳಹೊಕ್ಕು ಎಣಿಸುವ ಸ್ಥಿತಿಯೂ ಇಲ್ಲ. ಸಂಖ್ಯಾಶಾಸ್ತ್ರಜ್ಞರು ಗುತ್ತಿಗೆದಾರರ ಬಿಲ್ಲುಗಳನ್ನೇ ತರಿಸಿದರು. ಒಬ್ಬ ಮನುಷ್ಯ ದಿನಕ್ಕೆ ತಿನ್ನುವ ಅಕ್ಕಿ, ಬೇಳೆ, ಉಪ್ಪು ಎಷ್ಟೆಂಬುದು ಹಿಂದಿನ ಸಮೀಕ್ಷೆಗಳಿಂದ ತಿಳಿದಿತ್ತು. ಅದರಿಂದ ಭಾಗಿಸಿದಾಗ ಅಕ್ಕಿಯಿಂದ ಸಿಕ್ಕ ಜನಸಂಖ್ಯೆ ಒಂದು, ಉಪ್ಪಿನಿಂದ ಸಿಕ್ಕದ್ದು ಅದಕ್ಕಿಂತ ಬಹಳ ಕಡಿಮೆ. ಅಕ್ಕಿ ದುಬಾರಿ, ಅದರ ಲೆಕ್ಕ ಉಬ್ಬಿಸಿದರೆ ಲಾಭವಿದೆ. ಅಗ್ಗದ ಉಪ್ಪಿನಲ್ಲಿ ಸುಳ್ಳು ಬರೆದು ಗಿಟ್ಟುವುದೇನು? ಹೀಗಾಗಿ ಉಪ್ಪಿನ ಲೆಕ್ಕವನ್ನೇ ನಂಬಿದರು. ಈ ಯುಕ್ತಿ ಸಂಸ್ಥೆಯ ಜೆ. ಎಂ. ಸೇನ್‌ಗುಪ್ತ ಅವರದು, ರಾವ್ ಅವರದಲ್ಲ. ಆದರೆ ಅಂಕಿಯನ್ನು ಕೂಡುವ ಮೊದಲು ಅದನ್ನು ಯಾರು ಬರೆದರು, ಯಾಕೆ ಬರೆದರು ಎಂದು ಕೇಳುವ ಅಭ್ಯಾಸವನ್ನು ರಾವ್ ಓದುಗರಿಗೆ ಕಲಿಸುವ ರೀತಿಗೆ ಇದು ಒಳ್ಳೆಯ ಮಾದರಿ.

ಬಳ್ಳಾರಿಗೆ ಈ ಪಾಠ ಹೊಸದೇನಲ್ಲ. 1800ರಿಂದ 1807ರವರೆಗೆ ದತ್ತಮಂಡಲದ ಕಲೆಕ್ಟರಾಗಿದ್ದ ಥಾಮಸ್ ಮನ್ರೊ ಹೊಲ ಹೊಲಗಳನ್ನು ಅಳೆಸಿ ಕಂದಾಯ ಗೊತ್ತುಮಾಡಿದ ಸೀಮೆ ಇದು. 1876–78ರ ಬರಗಾಲ ಬಂದಾಗ ಸತ್ತವರ ಲೆಕ್ಕ ಪೂರ್ತಿಯಾಗಿ ಯಾರಲ್ಲೂ ಇರಲಿಲ್ಲ. 1871ರ ಮತ್ತು 1881ರ ಜನಗಣತಿಗಳನ್ನು ಪಕ್ಕಪಕ್ಕ ಇಟ್ಟಾಗ ಜಿಲ್ಲೆಯ ಜನಸಂಖ್ಯೆ ಕುಸಿದಿದ್ದು ಕಣ್ಣಿಗೆ ಬಿತ್ತು.

ಗುರುವಾಗಿ ರಾವ್

ಕೇಂಬ್ರಿಜ್‌ನಿಂದ ಮರಳಿದ ಮೇಲೆ ರಾವ್ ಅವರ ಮುಖ್ಯ ಹೊಣೆ ಸಂಸ್ಥೆಯ ಸಂಶೋಧನೆ ಮತ್ತು ತರಬೇತಿ ವಿಭಾಗ. ದೇಶದ ಸರ್ಕಾರಿ ಕಚೇರಿಗಳಿಂದಲೂ ಏಷ್ಯ, ಆಫ್ರಿಕದ ಹೊಸ ರಾಷ್ಟ್ರಗಳಿಂದಲೂ ಅಧಿಕಾರಿಗಳು ತರಬೇತಿಗೆ ಬರುತ್ತಿದ್ದರು. 1959ರಲ್ಲಿ ಸಂಸತ್ತು ಸಂಸ್ಥೆಗೆ ರಾಷ್ಟ್ರೀಯ ಮಹತ್ವದ ಸ್ಥಾನ ಕೊಟ್ಟು ಪದವಿ ನೀಡುವ ಅಧಿಕಾರ ಕೊಟ್ಟಾಗ ಬಿ.ಸ್ಟ್ಯಾಟ್., ಎಂ.ಸ್ಟ್ಯಾಟ್. ಶಿಕ್ಷಣಕ್ರಮಗಳು ಬಂದವು. ಅವುಗಳನ್ನು ರೂಪಿಸಿದವರಲ್ಲಿ ರಾವ್ ಪ್ರಮುಖರು. 1952ರಲ್ಲಿ ಒಂದು, 1965ರಲ್ಲಿ ಇನ್ನೊಂದು ದೊಡ್ಡ ಪಠ್ಯಗ್ರಂಥ ಬರೆದರು. ಎರಡನೆಯದು ಹಲವು ಭಾಷೆಗಳಿಗೆ ಹೋಯಿತು.

ಅವರ ಗುರುತನವನ್ನು ತೂಗಲು ಒಂದು ಉದಾಹರಣೆ ಸಾಕು. 1960ರ ಆಸುಪಾಸಿನಲ್ಲಿ ಸಂಸ್ಥೆಯಲ್ಲಿ ನಾಲ್ವರು ತರುಣರಿದ್ದರು. ಕೆ. ಆರ್. ಪಾರ್ಥಸಾರಥಿ, ಆರ್. ರಂಗರಾವ್, ವಿ. ಎಸ್. ವರದರಾಜನ್, ಎಸ್. ಆರ್. ಎಸ್. ವರದನ್. ಅವರಿಗೆ ಹಿಡಿಸಿದ್ದು ಸಂಭಾವ್ಯತೆಯ ಶುದ್ಧ ಗಣಿತ. ರಾವ್ ಅವರ ಸ್ವಂತ ಕೆಲಸಕ್ಕೂ ಅದಕ್ಕೂ ದೂರ. ವರದನ್ ಅಂತೂ ಕಾರ್ಖಾನೆಗಳ ಗುಣಮಟ್ಟ ನಿಯಂತ್ರಣ ಕಲಿಯಬೇಕೆಂದು ಬಂದು ಗೆಳೆಯರ ಸಹವಾಸದಲ್ಲಿ ದಾರಿ ಬದಲಿಸಿದವರು. ಗುರುಗಳು ತಡೆಯಲಿಲ್ಲ. ತಮ್ಮ ತಮ್ಮೊಳಗೇ ಕಲಿಯಲು ಬಿಟ್ಟರು. 1962ರಲ್ಲಿ ರಷ್ಯದ ಕೊಲ್ಮೊಗೊರೊವ್ ಸಂಸ್ಥೆಗೆ ಬಂದಾಗ ವರದನ್ ಅವರ ಭಾಷಣ ಕೇಳಿ ಮೆಚ್ಚಿದರು. 2007ರಲ್ಲಿ ವರದನ್ ಅವರಿಗೆ ಗಣಿತದ ಅಬೆಲ್ ಪ್ರಶಸ್ತಿ ಬಂತು. ತನಗೆ ಬೇಕಾದ ಕೆಲಸವನ್ನೇ ಶಿಷ್ಯರಿಂದ ಮಾಡಿಸುವ ಗುರುಗಳು ನಮ್ಮಲ್ಲಿ ಬೇಕಾದಷ್ಟು. ಬಿಟ್ಟುಕೊಡುವವರು ಅಪರೂಪ.

1972ರಲ್ಲಿ ಮಹಾಲನೋಬಿಸ್ ತೀರಿಕೊಂಡ ಮೇಲೆ ಸಂಸ್ಥೆಯ ಚುಕ್ಕಾಣಿ ರಾವ್ ಅವರ ಕೈಗೆ ಬಂತು. ನಿವೃತ್ತಿಯ ಹೊತ್ತಿಗೆ, 1979ರಲ್ಲಿ, ಅಮೆರಿಕಕ್ಕೆ ಹೋದರು. ಪಿಟ್ಸ್‌ಬರ್ಗ್, 1988ರಿಂದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯ, ಕೊನೆಗೆ ಬಫಲೋ. ಭಾರತ ವಿಶ್ರಾಂತಿಗೆ ಕಳುಹಿಸಿದವರು ಅಲ್ಲಿ ಮತ್ತೊಂದು ಆಯುಷ್ಯದಷ್ಟು ಕೆಲಸ ಮಾಡಿದರು. ಪ್ರಶಸ್ತಿಗಳ ಪಟ್ಟಿ ಉದ್ದವಿದೆ. 1963ರ ಭಟ್ನಾಗರ್ ಪ್ರಶಸ್ತಿ, 1967ರ ರಾಯಲ್ ಸೊಸೈಟಿ ಸದಸ್ಯತ್ವ, 2001ರ ಪದ್ಮವಿಭೂಷಣ, 2002ರಲ್ಲಿ ಅಮೆರಿಕದ ಅಧ್ಯಕ್ಷರಿಂದ ರಾಷ್ಟ್ರೀಯ ವಿಜ್ಞಾನ ಪದಕ. 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಬಂದಾಗ ಅವರಿಗೆ 102 ವರ್ಷ. ಬಹುಮಾನದ ಕಾರಣಗಳಲ್ಲಿ ಮೊದಲನೆಯದು 1945ರ ಆ ಪ್ರಬಂಧ. ಅದೇ ವರ್ಷ ಆಗಸ್ಟ್ 22ರಂದು ಅವರು ಬಫಲೋದಲ್ಲಿ ತೀರಿಕೊಂಡರು.

ಪ್ರಶ್ನೆ ಕೇಳಿದವರು ಏನಾದರು?

ದಾಂಡೇಕರ್ ಪುಣೆಯ ಗೋಖಲೆ ಸಂಸ್ಥೆಯ ನಿರ್ದೇಶಕರಾದರು. ನೀಲಕಂಠ ರಥ್ ಅವರೊಂದಿಗೆ 1971ರಲ್ಲಿ ಪ್ರಕಟಿಸಿದ ಬಡತನದ ಅಧ್ಯಯನದಿಂದ ಹೆಸರಾದರು. ಆದರೆ ಹಳ್ಳಿಯ ರೈತನ ಬದುಕನ್ನು ನೇರವಾಗಿ ಮುಟ್ಟಿದ್ದು ಅವರ ಇನ್ನೊಂದು ಸಲಹೆ.

ಬೆಳೆಗೆ ವಿಮೆ ಬೇಕೆಂಬ ಮಾತು ಹಳೆಯದು. ಮೈಸೂರು ಸಂಸ್ಥಾನದಲ್ಲಿದ್ದ ಜೆ. ಎಸ್. ಚಕ್ರವರ್ತಿ 1920ರಲ್ಲೇ, ಅಂದರೆ ರಾವ್ ಮತ್ತು ದಾಂಡೇಕರ್ ಹುಟ್ಟಿದ ವರ್ಷವೇ, ಮಳೆಯ ಅಳತೆಯನ್ನು ಆಧರಿಸಿದ ಕೃಷಿ ವಿಮೆಯ ಯೋಜನೆಯನ್ನು ಪುಸ್ತಕವಾಗಿ ತಂದಿದ್ದರು. ಯಾರೂ ಕಿವಿಗೊಡಲಿಲ್ಲ. 1972ರಲ್ಲಿ ಗುಜರಾತಿನ ಹತ್ತಿ ಬೆಳೆಗಾರರಿಂದ ವಿಮೆ ಶುರುವಾದಾಗ ಪ್ರತಿಯೊಬ್ಬ ರೈತನ ನಷ್ಟವನ್ನೂ ಬೇರೆ ಬೇರೆಯಾಗಿ ಅಳೆಯುವ ಪದ್ಧತಿ ಇತ್ತು. 1978–79ರವರೆಗೆ ಅದರಡಿ ಬಂದವರು 3,110 ರೈತರು. ಕಂತಿನ ಹಣ 4.54 ಲಕ್ಷ ರೂಪಾಯಿ, ಕೊಟ್ಟ ಪರಿಹಾರ 37.88 ಲಕ್ಷ. ಯೋಜನೆ ನೆಲಕಚ್ಚಿತು.

ಒಬ್ಬೊಬ್ಬನ ಹೊಲವನ್ನು ಅಳೆಯಬೇಡಿ, ಒಂದೇ ಬಗೆಯ ಒಂದು ಪ್ರದೇಶವನ್ನು ಘಟಕವಾಗಿ ಹಿಡಿದು ಅದರ ಸರಾಸರಿ ಇಳುವರಿಯನ್ನು ಮಾದರಿ ಕಟಾವಿನಿಂದ ಅಂದಾಜು ಮಾಡಿ ಎಂದವರು ದಾಂಡೇಕರ್. ಸರಾಸರಿ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಆ ಪ್ರದೇಶದ ವಿಮೆದಾರರಿಗೆಲ್ಲ ಒಂದೇ ಪ್ರಮಾಣದಲ್ಲಿ ಪರಿಹಾರ. 1979ರ ಪ್ರಾಯೋಗಿಕ ಯೋಜನೆ, 1985ರ ಸಮಗ್ರ ಬೆಳೆ ವಿಮೆ, 1999ರ ರಾಷ್ಟ್ರೀಯ ಕೃಷಿ ವಿಮೆ, 2016ರಿಂದ ಪ್ರಧಾನಮಂತ್ರಿ ಫಸಲ್ ಬಿಮಾ, ಎಲ್ಲವೂ ಈ ತಳಹದಿಯ ಮೇಲೆ ನಿಂತವು. ಘಟಕ ಮಾತ್ರ ಚಿಕ್ಕದಾಗುತ್ತ ಬಂತು. ಪ್ರಮುಖ ಬೆಳೆಗಳಿಗೆ ಈಗ ಗ್ರಾಮ ಪಂಚಾಯ್ತಿ, ಉಳಿದವಕ್ಕೆ ಹೋಬಳಿ.

ಸಿರುಗುಪ್ಪದಲ್ಲಾಗಲಿ ಕುರುಗೋಡಿನಲ್ಲಾಗಲಿ ಕಟಾವಿನ ಕಾಲಕ್ಕೆ ಹಗ್ಗ, ಗೂಟ, ತಕ್ಕಡಿ ಹಿಡಿದು ಬರುವ ಸಿಬ್ಬಂದಿ ಮಾಡುವ 'ಬೆಳೆ ಕಟಾವು ಪ್ರಯೋಗ' ಇದೇ. ಯಾವ ಸರ್ವೆ ನಂಬರು, ಹೊಲದ ಮೂಲೆಯಿಂದ ಎಷ್ಟು ಹೆಜ್ಜೆ ಎಂಬುದು ಮೊದಲೇ ಚೀಟಿ ಎತ್ತಿದಂತೆ ಗೊತ್ತಾಗಿರುತ್ತದೆ. ಚೆನ್ನಾಗಿ ಬೆಳೆದ ಕಡೆ ಹಗ್ಗ ಕಟ್ಟಿದರೆ ರೈತರಿಗೆ ನಷ್ಟ, ಒಣಗಿದ ಕಡೆ ಕಟ್ಟಿದರೆ ವಿಮೆ ಕಂಪೆನಿಗೆ ನಷ್ಟ. ಅದಕ್ಕೇ ಈ ಕಟ್ಟುಪಾಡು. ಪ್ರಮುಖ ಬೆಳೆಗೆ ಒಂದು ಪಂಚಾಯ್ತಿಯಲ್ಲಿ ಮಾಡಬೇಕಾದ ಪ್ರಯೋಗಗಳು ಕನಿಷ್ಠ ನಾಲ್ಕು.

ನಾಲ್ಕು ಸಾಕೇ? ಈ ಪ್ರಶ್ನೆಯೂ 1944ರ ತರಗತಿಯ ಪ್ರಶ್ನೆಯ ವಂಶದ್ದೇ. ಮೊದಲಿನ ಉದಾಹರಣೆಗೆ ಮರಳೋಣ. ಪರಿಹಾರ ನಿರ್ಧರಿಸುವ ಮಟ್ಟ ತುಂಡಿಗೆ 15 ಕಿಲೋ ಇದ್ದು, ಪಂಚಾಯ್ತಿಯ ನಿಜವಾದ ಸರಾಸರಿ 13.5ಕ್ಕೆ ಇಳಿದಿದೆ ಎನ್ನಿ. ಅಂದರೆ ಹತ್ತನೇ ಒಂದು ಭಾಗ ಬೆಳೆ ಹೋಗಿದೆ, ಪರಿಹಾರ ಸಿಗಲೇಬೇಕು. ತುಂಡಿನಿಂದ ತುಂಡಿಗೆ ತೂಕದ ವ್ಯತ್ಯಾಸ ಸಾಮಾನ್ಯವಾಗಿ 3 ಕಿಲೋ ಎಂದಿಟ್ಟುಕೊಂಡರೆ, ನಾಲ್ಕು ತುಂಡುಗಳ ಸರಾಸರಿ ಸುಮಾರು ಒಂದೂವರೆ ಕಿಲೋ ಆಚೀಚೆ ತೂಗಾಡುತ್ತದೆ. ಯಾರೂ ಮೋಸ ಮಾಡದಿದ್ದರೂ ಆರರಲ್ಲಿ ಒಂದು ಸಲ ಆ ಸರಾಸರಿ 15ನ್ನು ಮೀರಿ ಪಂಚಾಯ್ತಿಯ ಯಾವ ರೈತನಿಗೂ ಪರಿಹಾರ ಸಿಗದೆ ಹೋಗಬಹುದು. ಬೆಳೆ ಹೋಗದಿದ್ದರೂ ಹಣ ಸಿಗುವ ಸಂದರ್ಭವೂ ಅಷ್ಟೇ ಸಹಜ. ಹದಿನಾರು ತುಂಡು ಕೊಯ್ದರೆ ಆರರಲ್ಲೊಂದು ಎಂಬ ಆ ಅಪಾಯ ನಲವತ್ತರಲ್ಲಿ ಒಂದಕ್ಕಿಂತ ಕೆಳಗಿಳಿಯುತ್ತದೆ. ಆದರೆ ಪ್ರತಿ ಪಂಚಾಯ್ತಿಗೂ ಪ್ರತಿ ಬೆಳೆಗೂ ಹದಿನಾರು ಕಡೆ ಕೊಯ್ಲಿನ ದಿನವೇ ಹಾಜರಾಗಲು ಸಿಬ್ಬಂದಿ ಎಲ್ಲಿದ್ದಾರೆ? ಕಾಲುವೆಯ ಮೇಲ್ಭಾಗದ ಗದ್ದೆಗೂ ಕೊನೆಯಂಚಿನ ಗದ್ದೆಗೂ ನೀರು ಒಂದೇ ಸಮ ಬರದಿರುವಾಗ ತುಂಡುಗಳ ನಡುವಿನ ವ್ಯತ್ಯಾಸ ಇನ್ನೂ ಹೆಚ್ಚು, ತಪ್ಪೂ ಹೆಚ್ಚು.

2023ರ ಮುಂಗಾರಿನಿಂದ ಭತ್ತದ ಇಳುವರಿಗೆ ಉಪಗ್ರಹದ ಚಿತ್ರಗಳಿಂದ ಮಾಡಿದ ಅಂದಾಜನ್ನೂ ಬೆರೆಸುವ ಕ್ರಮವನ್ನು ಕೇಂದ್ರ ಸರ್ಕಾರ ತಂದಿದೆ. ಉಪಗ್ರಹ ತೂಗುವುದಿಲ್ಲ, ಹಸಿರನ್ನು ನೋಡಿ ಊಹಿಸುತ್ತದೆ. ಆ ಊಹೆ ಸರಿಯೇ ಎಂದು ಒರೆಹಚ್ಚಲು ಈಗಲೂ ಹಗ್ಗ ಕಟ್ಟಿ ಕೊಯ್ದ ತುಂಡುಗಳೇ ಬೇಕು.